ಲೂಯಿ ರೈಸ್ ಹೆಸರಿನ ಪಾರ್ಕು: ಯಾವುದಕ್ಕೆ, ಹೇಗೆ

ಮಾನ್ಯ ಸಂಪಾದಕರೇ,

ಬೆಂಜಮಿನ್ ಲೂಯಿ ರೈಸ್ ತೀರಿಕೊಂಡದ್ದು 1927ರ ಜುಲೈಯಲ್ಲಿ. 2027ರ ಜುಲೈಗೆ ನೂರು ವರ್ಷ. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಏನಾಗುತ್ತದೆ ಎಂಬುದು ಗೊತ್ತಿರುವುದೇ: ಒಂದು ಸಭೆ, ಭಾವಚಿತ್ರಕ್ಕೊಂದು ಹಾರ, ಕೊನೆಗೆ ‘ಇವರ ಹೆಸರನ್ನು ನಗರದ ಯಾವುದಾದರೂ ರಸ್ತೆಗೋ ಪಾರ್ಕಿಗೋ ಇಡಬೇಕು’ ಎಂಬ ಒತ್ತಾಯ. ಇಡುವುದಾದರೆ ಪಾರ್ಕಿಗೇ ಇಡಿ ಎನ್ನುವವರು ನಾವು. ಆದರೆ ಯಾವ ಪಾರ್ಕಿಗೆ, ಇಟ್ಟ ಹೆಸರು ನಿಲ್ಲಬೇಕಾದರೆ ಏನೇನು ನಡೆಯಬೇಕು ಎಂಬುದನ್ನು ಸಭೆಗಳಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕಾಗಿ ಈ ಪತ್ರ.

ರೈಸ್ ಯಾರೆಂದು ಕೇಳುವವರಿಗೆ ಎರಡು ಮಾತು. 1837ರಲ್ಲಿ ಬೆಂಗಳೂರಿನಲ್ಲೇ, ಲಂಡನ್ ಮಿಷನ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಮರಳಿ, ಮುಂದೆ ಸೆಂಟ್ರಲ್ ಕಾಲೇಜಾದ ಇಲ್ಲಿನ ಹೈಸ್ಕೂಲಿನ ಮುಖ್ಯಸ್ಥರಾದರು. ಆಮೇಲೆ ಶಾಲಾ ತಪಾಸಣೆಯ ಕೆಲಸ, ಊರೂರು ತಿರುಗಾಟ. ಡಿಕ್ಸನ್ ಎಂಬ ಸೇನಾಧಿಕಾರಿ ತೆಗೆದಿದ್ದ ಶಾಸನಗಳ ಫೋಟೋಗಳನ್ನು ಓದುವುದರಿಂದ ಶುರುವಾದದ್ದು 1879ರಲ್ಲಿ ಒಂದು ಪುಸ್ತಕವಾಯಿತು. ಮುಂದೆ ಸಂಸ್ಥಾನದ ಪುರಾತತ್ವದ ಕೆಲಸವೇ ಅವರ ಕೈಗೆ ಬಂತು. 1892ರಲ್ಲಿ ಬ್ರಹ್ಮಗಿರಿಯ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟ, ಹತ್ತಿರ ಹತ್ತಿರ ಒಂಬತ್ತು ಸಾವಿರ ಶಾಸನ. ಪ್ರತಿಯೊಂದಕ್ಕೂ ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಪಾಠ, ಇಂಗ್ಲಿಷ್ ಅನುವಾದ, ತಾಲ್ಲೂಕುವಾರು ನಂಬರು. ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರದು. ಅದನ್ನು ಹಿಡಿದು ಇವತ್ತು ನಗರ ಸುತ್ತಿದರೆ, ಕಲ್ಲು ಇದೆಯೆಂದು ಅವರು ಬರೆದ ಎಷ್ಟೋ ಕಡೆ ಆ ಹೊಲವೂ ಇಲ್ಲ, ಕೆರೆಯೂ ಇಲ್ಲ, ಕಲ್ಲೂ ಇಲ್ಲ. ಓದು ಮಾತ್ರ ಪುಸ್ತಕದಲ್ಲಿ ಉಳಿದಿದೆ. ಉಳಿಸಿದವರು ಎಂದು ಅವರನ್ನು ಕರೆಯುವುದು ಈ ಅರ್ಥದಲ್ಲಿ.

ಮೊದಲ ಮಾತು: ಹೆಸರಿರುವ ಪಾರ್ಕಿನ ತಂಟೆಗೆ ಹೋಗಬೇಡಿ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಉದ್ಯಾನಕ್ಕೆ ಮೊದಲು ಮೀಡ್ಸ್ ಪಾರ್ಕ್ ಎಂದಿತ್ತು, ಬಳಿಕ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ, ರೈಸ್ ತೀರಿಕೊಂಡ ವರ್ಷವೇ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅದನ್ನು ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಕರೆದರು. ಆಳುವ ಅರಸರ ತಂದೆಯ ಹೆಸರು, ಅರಮನೆಯ ಬೆಂಬಲ, ಒಳಗೆ ಚಾಮರಾಜೇಂದ್ರರ ಪ್ರತಿಮೆ, ಎಲ್ಲ ಇದ್ದೂ ಜನರ ಬಾಯಲ್ಲಿ ಅದು ಕಬ್ಬನ್ ಪಾರ್ಕೇ. ಈಗಂತೂ ಮೆಟ್ರೋ ನಿಲ್ದಾಣದ ಹೆಸರೂ ಅದೇ ಆಗಿ, ಧ್ವನಿವರ್ಧಕ ದಿನವಿಡೀ ಅದನ್ನೇ ಕೂಗುತ್ತದೆ. ಫ್ರೇಜರ್ ಟೌನ್ ಕಾಗದದ ಮೇಲೆ ಪುಲಕೇಶಿನಗರವಾಗಿದೆ. ಆಟೋದವರಿಗೆ ಹಾಗೆ ಹೇಳಿ ನೋಡಿ. ಇನ್ನೊಂದು ಕಡೆ ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆಯಾದದ್ದು ನಿಂತಿತು, ಎಂ.ಜಿ. ರೋಡ್ ಆಗಿ. ಅಂಗಡಿ ಬೋರ್ಡು, ಬಿಲ್ಲು, ಅಂಚೆ ವಿಳಾಸ ಎಲ್ಲ ಹೊಸ ಹೆಸರನ್ನೇ ಹಿಡಿದದ್ದು ಮತ್ತು ಹೆಸರು ಎರಡಕ್ಷರಕ್ಕೆ ಇಳಿದದ್ದು ಕಾರಣ ಎಂಬುದು ನಮ್ಮ ಲೆಕ್ಕ. ಪಾರ್ಕಿಗೆ ಯಾರೂ ಕಾಗದ ಬರೆಯುವುದಿಲ್ಲ. ಅದಕ್ಕೇ ಪಾರ್ಕಿನ ಹಳೇ ಹೆಸರು ರಸ್ತೆಯ ಹಳೇ ಹೆಸರಿಗಿಂತ ಗಟ್ಟಿ.

ಹೆಸರೇ ಇಲ್ಲದ ಪಾರ್ಕುಗಳಿಗೆ ಈ ಊರಿನಲ್ಲಿ ಬರವಿಲ್ಲ. ಬಡಾವಣೆ ನಕ್ಷೆಯಲ್ಲಿ ‘ಎರಡನೇ ಹಂತ, ನಾಲ್ಕನೇ ಬ್ಲಾಕ್, ಪಾರ್ಕ್ 3’ ಎಂದಷ್ಟೇ ಇರುತ್ತದೆ. ಜನ ಟ್ಯಾಂಕ್ ಪಾರ್ಕು, ಗಣೇಶನ ಗುಡಿ ಪಾರ್ಕು ಎನ್ನುತ್ತಾರೆ. ಆರಿಸಬೇಕಾದದ್ದು ಇಂಥದ್ದನ್ನು. ಅದರಲ್ಲೂ ಒಳಗೆ ಒಂದು ವೀರಗಲ್ಲೋ ದಾನಶಾಸನವೋ ಇರುವ, ಇಲ್ಲವೇ ಅಂಥ ಕಲ್ಲಿಗೆ ಹತ್ತು ಹೆಜ್ಜೆ ದೂರದಲ್ಲಿರುವ ಪಾರ್ಕು. ಬೆಂಗಳೂರಿನ ಬಡಾವಣೆಗಳು ಎದ್ದದ್ದು ಹಳ್ಳಿಗಳ ಮೇಲೆಯೇ. ಊರ ಮುಂದಿನ ಕಲ್ಲು, ಕೆರೆ ತೂಬಿನ ಬಳಿಯ ಕಲ್ಲು ಬಡಾವಣೆಯ ಬಯಲು ಜಾಗದೊಳಗೆ ಸೇರಿಕೊಳ್ಳುವುದು ಸಹಜ. ಹೆಬ್ಬಾಳದ ಕಿತ್ತಯ್ಯನ ಶಾಸನ ಬೆಳಕಿಗೆ ಬಂದದ್ದು 2018ರಲ್ಲಿ, ಕಾಲ ಸುಮಾರು ಕ್ರಿ.ಶ. 750. ರೈಸ್ ಸಂಪುಟಗಳಲ್ಲಿ ಅದಿಲ್ಲ. ಅವರ ಕಣ್ಣಿಗೆ ಬೀಳದ ಕಲ್ಲುಗಳು ಇನ್ನೂ ಇವೆ ಎಂದಾಯಿತು.

ಹೀಗೆಂದ ಕೂಡಲೇ ಉತ್ಸಾಹಿಗಳು ಟೆಂಪೋ ತಂದು ಪಕ್ಕದ ಹಳ್ಳಿಯ ಕಲ್ಲನ್ನು ಪಾರ್ಕಿಗೆ ಸಾಗಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಗದ್ದೆಯ ದಾನ ಹೇಳುವ ಶಾಸನ ಆ ಗದ್ದೆಯ ಬಳಿಯೇ ಇದ್ದರೆ ಅರ್ಥ. ಎಲ್ಲೆ ಹೇಳುವ ಕಲ್ಲು ಜಾಗ ಬದಲಿಸಿದರೆ ಸುಳ್ಳು ಹೇಳಿದ ಹಾಗೆ. ರಸ್ತೆ ಅಗಲೀಕರಣದಲ್ಲಿ, ಚರಂಡಿ ತೋಡುವಾಗ ಆಗಲೇ ಕಿತ್ತು ಬಿಸಾಡಿದ್ದಾದರೆ ಮಾತು ಬೇರೆ. ಆಗಲೂ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆದು, ಒಪ್ಪಿಗೆ ಪಡೆದು, ಎಲ್ಲಿಂದ ತಂದದ್ದು ಎಂಬುದನ್ನು ಕಲ್ಲಿನ ಪಕ್ಕದಲ್ಲೇ ಬರೆಸಬೇಕು. ರೈಸ್ ಕಾಲದಲ್ಲೇ ಕೆಲವು ಕಲ್ಲುಗಳು ಜಾಗ ಬಿಟ್ಟಿವೆ: ಬೇಗೂರಿನ ಯುದ್ಧದ ಚಿತ್ರವಿರುವ ವೀರಗಲ್ಲು, ಕಾಳಿ ಎಂಬ ನಾಯಿಯ ಕಥೆ ಹೇಳುವ ಆತಕೂರಿನ ಶಾಸನ ಎರಡೂ ಕಸ್ತೂರಬಾ ರಸ್ತೆಯ ಸರ್ಕಾರಿ ಸಂಗ್ರಹಾಲಯದಲ್ಲಿವೆ. ಅಂದು ಅದೇ ದಾರಿ ಇತ್ತೇನೋ. ಇಂದು ಕಲ್ಲನ್ನು ಇದ್ದಲ್ಲೇ ಕಾಯಲು ಸಾಧ್ಯವಿದೆ, ಪಾರ್ಕಿನ ಬೇಲಿಯೇ ಅರ್ಧ ಕಾವಲು.

ಇನ್ನು ಕಾಗದದ ಕೆಲಸ. ಫೈಲು ಸಾಮಾನ್ಯವಾಗಿ ಸಾಯುವುದು ಮಾಲೀಕತ್ವದ ಪ್ರಶ್ನೆಯಲ್ಲಿ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳು ರಾಜ್ಯ ತೋಟಗಾರಿಕೆ ಇಲಾಖೆಯವು, ಅವುಗಳಿಗೆ 1975ರ ಪ್ರತ್ಯೇಕ ಕಾಯ್ದೆಯೇ ಇದೆ. ಪಾಲಿಕೆ ಅಲ್ಲಿ ಏನೂ ಮಾಡಲಾಗದು. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯ ಪಾರ್ಕು ಪಾಲಿಕೆಗೆ ಹಸ್ತಾಂತರವಾಗಿದೆಯೇ ಇಲ್ಲವೇ ಎಂಬುದಕ್ಕೆ ಹಸ್ತಾಂತರ ಪತ್ರದ ಪ್ರತಿ ಬೇಕು. ಖಾಸಗಿ ಅಥವಾ ಗೃಹನಿರ್ಮಾಣ ಸಂಘದ ಬಡಾವಣೆಯಾದರೆ ಪಾರ್ಕಿನ ಜಾಗವನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಬೇಕು. ಅದಿಲ್ಲದೆ ಹೆಸರಿಟ್ಟರೆ ನಾಳೆ ಹಳೇ ಭೂಮಾಲೀಕರ ಮಕ್ಕಳು ತಡೆಯಾಜ್ಞೆ ತಂದಾಗ ಹೆಸರಿನ ಜೊತೆ ಪಾರ್ಕೂ ಹೋದೀತು. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಪ್ರಕಾರ ಪಾರ್ಕುಗಳ ಪಟ್ಟಿಯನ್ನು ನಕ್ಷೆ ಸಮೇತ ಮಾಡಬೇಕು. ನಿಮ್ಮ ಪಾರ್ಕು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ; ಇಲ್ಲದಿದ್ದರೆ ಹೆಸರಿಗಿಂತ ಮುಂಚೆ ಸೇರಿಸಲು ಅರ್ಜಿ ಕೊಡಿ. ಹೆಸರಿಡುವ ಹೋರಾಟದಿಂದ ಬೇರೇನೂ ದಕ್ಕದಿದ್ದರೂ ಇದೊಂದು ದಕ್ಕಿದರೆ ಲಾಭವೇ. ಪಾರ್ಕಿಗೆಂದು ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಕೊಟ್ಟರೆ ಅದು ಅಸಿಂಧು ಎಂದು ಬಿಡಿಎ ಕಾಯ್ದೆಯ 38ಎ ಕಲಮು ಹೇಳುತ್ತದೆ. ರಾಜಮಹಲ್ ವಿಲಾಸ ಬಡಾವಣೆಯ ಪಾರ್ಕನ್ನು ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 1991ರಲ್ಲಿ ಗೆದ್ದರು. ದೇಶದ ಯಾವ ಮೂಲೆಯಲ್ಲಿ ಪಾರ್ಕಿನ ವ್ಯಾಜ್ಯ ನಡೆದರೂ ಇಂದಿಗೂ ಆ ತೀರ್ಪನ್ನು ಎತ್ತಿ ಹೇಳುತ್ತಾರೆ.

ಅರ್ಜಿಯಲ್ಲಿ ಇರಬೇಕಾದದ್ದು ಭಾಷಣವಲ್ಲ. ವಾರ್ಡಿನ ಹೆಸರು ಮತ್ತು ಸಂಖ್ಯೆ, ಸರ್ವೆ ನಂಬರು, ಎಕರೆ-ಗುಂಟೆ ಲೆಕ್ಕದಲ್ಲಿ ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ, ಕೈನಕ್ಷೆ. ಈಗಿರುವ ಹೆಸರು ಯಾವುದೂ ಇಲ್ಲ, ಇದೇ ಹೆಸರಿನ ಇನ್ನೊಂದು ಪಾರ್ಕು ಪಾಲಿಕೆಯಲ್ಲಿಲ್ಲ ಎಂಬ ಒಂದು ಸಾಲು. ರೈಸ್ ಬಗ್ಗೆ ಒಂದೇ ಪುಟದ ಟಿಪ್ಪಣಿ. ಕಲ್ಲಿನ ಫೋಟೋ, ಅದು 9ನೇ ಸಂಪುಟದಲ್ಲಿದ್ದರೆ ತಾಲ್ಲೂಕು ಮತ್ತು ನಂಬರು. ನಿವಾಸಿಗಳ ಸಂಘದ ನಡಾವಳಿಯ ಪ್ರತಿ, ವಿಳಾಸ ಸಹಿತ ಸಹಿಗಳು. ಪಾಲಿಕೆಯ ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಳ್ಳಿ. ಅಧಿಕಾರಿಯ ಕೈಗೇ ಕೊಟ್ಟರೆ ಬೇಗ ಆಗುತ್ತದೆಂದು ಜನ ನಂಬುತ್ತಾರೆ. ಅವರ ವರ್ಗವಾದ ದಿನ ಆ ಕಾಗದಕ್ಕೆ ಹುಟ್ಟಿದ ದಾಖಲೆಯೇ ಇರುವುದಿಲ್ಲ.

ಮುಂದೆ ತೋಟಗಾರಿಕೆ ವಿಭಾಗದ ಮತ್ತು ವಾರ್ಡ್ ಎಂಜಿನಿಯರರ ವರದಿ, ಬಳಿಕ ಕೌನ್ಸಿಲ್ ನಿರ್ಣಯ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯ ಸಹಿಯೇ ಕೌನ್ಸಿಲ್ ನಿರ್ಣಯವಾಗಿ ನಡೆದಿದೆ. 2025ರ ಸೆಪ್ಟೆಂಬರಿನಿಂದ ನಗರ ಐದು ಪಾಲಿಕೆಗಳಾಗಿ ಹಂಚಿಹೋಗಿರುವುದರಿಂದ, ಅರ್ಜಿ ಹಾಕುವ ಮೊದಲು ನಿಮ್ಮ ಪಾರ್ಕು ಯಾವ ಪಾಲಿಕೆಯ ಪಾಲಿಗೆ ಬಂದಿದೆ ಎಂದು ಖಚಿತ ಮಾಡಿಕೊಳ್ಳಿ. ಗಡಿಯ ವಾರ್ಡುಗಳ ಕಾಗದ ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರುತ್ತದೆ. ನಿರ್ಣಯದ ನಂತರ ಪತ್ರಿಕೆಗಳಲ್ಲಿ ಪ್ರಕಟಣೆ, ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ, ಆಮೇಲೆ ನಗರಾಭಿವೃದ್ಧಿ ಇಲಾಖೆ. ಆ 30 ದಿನಗಳಲ್ಲಿ ವಿರೋಧ ಇರುವವರಷ್ಟೇ ಬರೆಯುತ್ತಾರೆ, ಒಪ್ಪಿದವರು ಮನೆಯಲ್ಲಿ ಕೂರುತ್ತಾರೆ. ಕಡತ ತೆರೆದರೆ ಬರೀ ವಿರೋಧ. ಬೆಂಬಲವನ್ನೂ ಲಿಖಿತವಾಗಿ ಕೊಡಬೇಕು. ಒಂದೇ ಒಕ್ಕಣೆಯ ನೂರು ಜೆರಾಕ್ಸ್‌ಗಿಂತ ಬೇರೆ ಬೇರೆ ಮನೆಗಳ ಹತ್ತು ಪತ್ರ ವಾಸಿ. ಕಡತ ನಿಂತುಹೋದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ತಡ’ ಎಂದು ಕೇಳಬೇಡಿ, ಉತ್ತರ ಸಿಗುವುದಿಲ್ಲ. ಕಡತದ ಸಂಖ್ಯೆ, ಈಗ ಯಾರ ಮೇಜಿನ ಮೇಲಿದೆ, ಕೊನೆಯ ಷರಾ ಏನು, ಅದರ ನಕಲು ಎಂದು ಕೇಳಿ.

ಹೆಸರಿನ ಒಕ್ಕಣೆ ನಿರ್ಣಯದಲ್ಲೇ ಅಕ್ಷರಶಃ ಇರಬೇಕು. ‘ಶಾಸನ ಪಿತಾಮಹ ಶ್ರೀ ಬೆಂಜಮಿನ್ ಲೂಯಿಸ್ ರೈಸ್ ಸ್ಮಾರಕ ಸಾರ್ವಜನಿಕ ಉದ್ಯಾನವನ’ ಎಂದು ಬರೆಸಿದರೆ ಜನ ಮತ್ತೆ ಟ್ಯಾಂಕ್ ಪಾರ್ಕು ಎನ್ನುತ್ತಾರೆ. ಬರೀ ‘ರೈಸ್ ಪಾರ್ಕ್’ ಎಂದರೆ ಚಿತ್ರಾನ್ನ ಪುಳಿಯೋಗರೆ ಸಿಗುವ ಜಾಗ ಎಂದುಕೊಂಡಾರು. ನಮ್ಮ ಸಲಹೆ ‘ಲೂಯಿ ರೈಸ್ ಉದ್ಯಾನ’. ಲೂಯಿ, ಲೂಯಿಸ್, ಲೂವಿಸ್, ಲೆವಿಸ್ ಎಂದು ನಾಲ್ಕು ಬಗೆಯಲ್ಲಿ ಬರೆಯುತ್ತಾರೆ. ಯಾವುದೋ ಒಂದನ್ನು ಹಿಡಿದು ಆದೇಶ, ಬೋರ್ಡು, ನಕ್ಷೆ ಮೂರರಲ್ಲೂ ಅದನ್ನೇ ನಡೆಸಬೇಕು. ಇಲ್ಲದಿದ್ದರೆ ಮೊಬೈಲ್ ನಕ್ಷೆಯಲ್ಲಿ ಒಂದೇ ಪಾರ್ಕು ಎರಡಾಗಿ ಕಾಣಿಸಿಕೊಳ್ಳುತ್ತದೆ.

ಬೋರ್ಡಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಕೆಡುವುದು ಅಲ್ಲೇ ಹೆಚ್ಚು. ಫ್ಲೆಕ್ಸ್ ಎರಡು ಬೇಸಿಗೆಗೆ ಬಿಳಿಚುತ್ತದೆ. ಶೀಟಿಗೆ ಅಂಟಿಸಿದ ವಿನೈಲ್ ಅಕ್ಷರ ಮೂಲೆಯಿಂದ ಏಳುತ್ತದೆ. ಸ್ಟೀಲಿನ ಬಿಡಿ ಅಕ್ಷರಗಳನ್ನು ರಾತ್ರೋರಾತ್ರಿ ಕಿತ್ತು ಗುಜರಿಗೆ ಹಾಕುತ್ತಾರೆ. ಇದ್ದುದರಲ್ಲಿ ಬಾಳುವುದು ಕಪ್ಪು ಗ್ರಾನೈಟಿನಲ್ಲಿ ಕನಿಷ್ಠ 3 ಮಿಲಿಮೀಟರ್ ಆಳಕ್ಕೆ ಕೆತ್ತಿ, ಅಕ್ಷರದೊಳಗೆ ಬಿಳಿ ಬಣ್ಣ ತುಂಬಿದ ಹಲಗೆ. ಹತ್ತು ಅಡಿ ದೂರದಿಂದ ಓದಲು ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಬೋರ್ಡ್ ಬರೆಯುವವರ ಲೆಕ್ಕ. ರಸ್ತೆಯ ಆಚೆ ಬದಿ ಮೂವತ್ತು ಅಡಿ ಇದ್ದರೆ ಹೆಸರಿನ ಸಾಲು ಮೂರು ಅಂಗುಲ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲಿನಿಂದ ಸಾಲಿಗೆ ಅಕ್ಷರದ ಎತ್ತರದಷ್ಟಾದರೂ ಜಾಗ ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಕೂತುಕೊಳ್ಳುತ್ತದೆ. ಇನ್ನು ‘ಉದ್ಯಾನ’ ಎಂಬ ಪದವೇ ‘ಉದಾ್ಯನ’ ಆಗಿ ಕೆತ್ತನೆಯಾದ ಬೋರ್ಡನ್ನು ನೋಡದ ಬೆಂಗಳೂರಿಗರು ಯಾರಿದ್ದಾರೆ! ಕನ್ನಡದ ಒತ್ತು ಜೋಡಿಸಲು ಬಾರದ ಹಳೇ ವಿನ್ಯಾಸ ತಂತ್ರಾಂಶಕ್ಕೆ ಪಠ್ಯವನ್ನು ಅಂಟಿಸುವುದರಿಂದ, ಇಲ್ಲವೇ ಹಳೇ ಫಾಂಟಿನ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವಾಗ ಈ ಎಡವಟ್ಟು ಆಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ನೋಡಿ ‘ಓಕೆ’ ಎನ್ನಬೇಡಿ. ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ತರಿಸಿ, ಕನ್ನಡ ಮೇಷ್ಟರೊಬ್ಬರಿಂದ ಅಕ್ಷರ ಅಕ್ಷರ ಓದಿಸಿ, ಆ ಕಾಗದದ ಮೇಲೆ ಸಹಿ ಹಾಕಿಸಿ ಕೆತ್ತುವವರಿಗೆ ಕೊಡಿ. ಒಮ್ಮೆ ಕೆತ್ತಿದ ಮೇಲೆ ತಿದ್ದಲು ಬರುವುದಿಲ್ಲ, ಹಲಗೆಯನ್ನೇ ಬದಲಿಸಬೇಕು.

ಶಂಕುಸ್ಥಾಪನೆ ಮಾಡಿದವರು, ಉದ್ಘಾಟಿಸಿದವರು, ಅಧ್ಯಕ್ಷತೆ, ಘನ ಉಪಸ್ಥಿತಿ ಇತ್ಯಾದಿಗಳು ಈ ಹಲಗೆಯಲ್ಲಿ ಬೇಡ. ಹಾಕಲೇಬೇಕೆಂದರೆ ಗೇಟಿನ ಒಳಬದಿಯಲ್ಲಿ ಬೇರೆ ಸಣ್ಣ ಹಲಗೆ ಇರಲಿ. ಇನ್ನು ಪ್ರತಿಮೆಯ ಆಸೆಯನ್ನಂತೂ ಬಿಟ್ಟುಬಿಡುವುದು ಲೇಸು. ರಸ್ತೆ, ಫುಟ್‌ಪಾತ್ ಮತ್ತು ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಪಾರ್ಕು ಅದರಲ್ಲಿ ಬರುತ್ತದೋ ಇಲ್ಲವೋ ಎಂದು ವಾದಿಸುತ್ತಾ ಕೂತರೆ ಹೆಸರಿನ ಕಡತವೂ ಅದರ ಜೊತೆ ಕೂರುತ್ತದೆ. ಶಾಸನ ಓದಿದವರಿಗೆ ಓದುವ ಸ್ಥಿತಿಯಲ್ಲಿರುವ ಶಾಸನಕ್ಕಿಂತ ದೊಡ್ಡ ಪ್ರತಿಮೆ ಏನಿದೆ?

ಓದುವ ಸ್ಥಿತಿ ಎಂದೆವು. ಬೆಂಗಳೂರಿನ ಕಲ್ಲುಗಳಿಗೆ ಆಗುವ ಅನಾಹುತಗಳಲ್ಲಿ ಹೆಚ್ಚಿನವು ಭಕ್ತಿಯಿಂದ, ಇಲ್ಲವೇ ಜೀರ್ಣೋದ್ಧಾರದ ಉತ್ಸಾಹದಿಂದ ಆಗುವಂಥವು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತ ವೀರ. ಅಕ್ಷರ ಇರುವುದು ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯಲ್ಲಿ. ಕಲ್ಲು ವಾಲುತ್ತದೆ ಎಂದು ಬುಡಕ್ಕೆ ಕಾಂಕ್ರೀಟ್ ಸುರಿದರೆ ಮುಳುಗುವುದು ಕಾಳಗ ಮತ್ತು ಅದರ ಮೇಲಿನ ಸಾಲು; ವೀರ ಹೇಗೆ ಸತ್ತ ಎಂಬುದೇ ಹೋಯಿತು. ದಾನಶಾಸನವಾದರೆ ಕೊನೆಯ ಸಾಲುಗಳಲ್ಲಿ ಬರುವ ಶಾಪವಾಕ್ಯ, ಬರೆದವನ ಹೆಸರು ಹೋಗುತ್ತವೆ. ಸಿಮೆಂಟು ನೀರನ್ನೂ ಲವಣವನ್ನೂ ಹಿಡಿದಿಟ್ಟು ಕಲ್ಲಿನ ಬುಡ ಪುಡಿಯಾಗಿಸುತ್ತದೆ, ಮುಂದೆ ಕಲ್ಲು ಎತ್ತಬೇಕೆಂದರೆ ಮುರಿಯದೆ ಎತ್ತಲಾಗದು. ಅದರ ಬದಲು ಗುಂಡಿ ತೆಗೆದು, ಜಲ್ಲಿ ಮತ್ತು ಮರಳು ತುಂಬಿ ದಮ್ಮಸು ಮಾಡಿ ನಿಲ್ಲಿಸಬೇಕು. ಕೊನೆಯ ಸಾಲು ನೆಲದಿಂದ ಒಂದು ಅಡಿಯಾದರೂ ಮೇಲಿರಬೇಕು.

ಮಂಟಪ ದೊಡ್ಡದಾಗಬೇಕಿಲ್ಲ. ಒಂದೂವರೆ ಅಡಿ ಜಗಲಿ, ನಾಲ್ಕು ಕಂಬ, ಎಲ್ಲ ಬದಿಗೂ ಎರಡಡಿ ಹೊರಚಾಚಿದ ಸೂರು, ನೀರು ಹೊರಗೆ ಹರಿಯುವಂತೆ ಜಗಲಿಗೆ ತುಸು ಇಳಿಜಾರು. ಟೈಲ್ಸ್ ಬೇಡ, ಟೈಲ್ಸ್ ಹಾಕಿದ ದಿನದಿಂದಲೇ ಅದನ್ನು ಆ್ಯಸಿಡ್‌ನಿಂದ ತೊಳೆಯುವವರು ಬರುತ್ತಾರೆ, ಆ್ಯಸಿಡ್ ಕಲ್ಲಿಗೂ ಸಿಡಿಯುತ್ತದೆ. ಸುತ್ತ ಬೀಗ ಹಾಕಿದ ಪಂಜರ ಕಟ್ಟಿದರೆ ಕಲ್ಲು ಸೆರೆಯಾಯಿತೇ ಹೊರತು ಓದಿಗೆ ಸಿಗಲಿಲ್ಲ. ಮೂರಡಿ ದೂರದಲ್ಲಿ ಸೊಂಟದೆತ್ತರದ ಕಂಬಿ ಸಾಕು. ಜಾಗ ಬಿಟ್ಟು ಬಂದಿರುವ, ಹೊಸದಾಗಿ ನಿಲ್ಲಿಸಬೇಕಾದ ಕಲ್ಲಾದರೆ ಅಕ್ಷರದ ಮುಖ ದಕ್ಷಿಣಕ್ಕಿರಲಿ. ಆಗ ವರ್ಷದಲ್ಲಿ ಸುಮಾರು ಅರ್ಧ ಕಾಲ ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ಓರೆಯಾಗಿ ಬಿದ್ದು ಸವೆದ ಅಕ್ಷರಗಳೂ ನೆರಳಿನಲ್ಲಿ ಎದ್ದು ಕಾಣುತ್ತವೆ. ಪೂರ್ವಕ್ಕೆ ಮುಖ ಮಾಡಿದರೆ ಬೆಳಗಿನ ಬಿಸಿಲು ನೇರ ಹೊಡೆದು ಕಲ್ಲು ಬರೀ ಚಪ್ಪಡಿಯಂತೆ ಕಾಣುತ್ತದೆ. ರಾತ್ರಿ ದೀಪಕ್ಕೂ ಇದೇ ನಿಯಮ. ಎದುರಿನ ಫ್ಲಡ್‌ಲೈಟು ನಿಷ್ಪ್ರಯೋಜಕ, ಪಕ್ಕದಿಂದ ಓರೆಯಾಗಿ ಬೀಳುವ ಒಂದು ಸಣ್ಣ ಎಲ್‌ಇಡಿ ಸಾಕು.

ಪೂಜೆ ನಿಲ್ಲಿಸಿ ಎಂದು ಹೇಳಿದರೆ ಊರವರೊಂದಿಗೆ ಜಗಳವಾಗುತ್ತದೆ, ಆ ಜಗಳ ಬೇಕಾಗಿಯೂ ಇಲ್ಲ. ಇಷ್ಟು ಕಾಲ ಕಲ್ಲು ಉಳಿದದ್ದೇ ಯಾರೋ ಅದಕ್ಕೆ ಕುಂಕುಮ ಇಟ್ಟರೆಂದು. ಕಲ್ಲಿನ ಮುಂದೆ ಎರಡು ಅಡಿ ಬಿಟ್ಟು ಒಂದು ಪುಟ್ಟ ಪೂಜಾಶಿಲೆ ಇಟ್ಟು ಎಣ್ಣೆ, ಅರಿಶಿನ, ಕರ್ಪೂರ ಅಲ್ಲಿಗೆ ಎಂದು ಒಪ್ಪಿಸಿದರೆ ಕೆಲಸ ಆಗುತ್ತದೆ. ಕಲ್ಲಿನ ಬುಡದಲ್ಲಿ ಕರ್ಪೂರವಾಗಲಿ ಕಸವಾಗಲಿ ಉರಿದರೆ ಒಂದು ಕಡೆ ಮಾತ್ರ ಕಾದು ಹಿಗ್ಗಿ ಮೇಲ್ಪದರ ಚಕ್ಕೆ ಏಳುತ್ತದೆ, ಅಕ್ಷರವೂ ಚಕ್ಕೆಯ ಜೊತೆ ಹೋಗುತ್ತದೆ. ಶುಚಿಗೆ ಬರೀ ನೀರು, ತೆಂಗಿನ ನಾರಿನ ಅಥವಾ ಮೆದು ನೈಲಾನ್ ಬ್ರಶ್. ಹಾವಸೆಗೆ ನೀರಿನಲ್ಲಿ ನೆನೆಸಿ ಬಿದಿರಿನ ಕಡ್ಡಿ. ತಂತಿ ಬ್ರಶ್, ಗ್ರೈಂಡರ್, ಜೆಟ್ ಪಂಪು ಕೂಡದು. ಎನಾಮಲ್ ಬಳಿದಿದ್ದರೆ ಉಜ್ಜಲು ಹೋಗಬೇಡಿ, ಇಲಾಖೆಯ ಸಂರಕ್ಷಣಾ ತಜ್ಞರಿಗೆ ಬಿಡಿ. ‘ಚೆನ್ನಾಗಿ ಕಾಣಲಿ’ ಎಂದು ಅಕ್ಷರಕ್ಕೆ ಬಣ್ಣ ತುಂಬುವುದು ಎಲ್ಲಕ್ಕಿಂತ ಕೆಟ್ಟದ್ದು: ಬಣ್ಣ ಹಚ್ಚುವವರಿಗೆ ಹಳಗನ್ನಡ ಲಿಪಿ ಬಾರದು, ಬಿರುಕನ್ನೂ ಅಕ್ಷರವೆಂದು ತಿದ್ದುತ್ತಾರೆ, ಮುಂದೆ ಬರುವವರು ಅದನ್ನೇ ಓದುತ್ತಾರೆ. ಕಲ್ಲಿನಿಂದ ಇಪ್ಪತ್ತು ಅಡಿಯೊಳಗೆ ಅರಳಿ, ಆಲ, ಅತ್ತಿ ನೆಡಬಾರದು. ತುಂತುರು ನೀರಾವರಿಯ ಪೈಪು ಬೇಡ.

ಮಂಟಪ ಕಟ್ಟುವ ಮೊದಲು ಪಡಿಯಚ್ಚು, ಅಂದರೆ ಶಾಸನದ ಕಾಗದದಚ್ಚು, ತೆಗೆಸಿಡಬೇಕು. ಮೈಸೂರಿನಲ್ಲಿರುವ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದವರಿಗೂ ರಾಜ್ಯ ಇಲಾಖೆಯವರಿಗೂ ಇದು ನಿತ್ಯದ ಕೆಲಸ. ತೊಳೆದ ಕಲ್ಲಿನ ಮೇಲೆ ಒದ್ದೆ ಮಾಡಿದ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಶ್ಶಿನಿಂದ ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋದರೆ ಕಾಗದ ಅಕ್ಷರದ ಗುಳಿಗಿಳಿಯುತ್ತದೆ, ಒಳಗಿನ ಗಾಳಿಗುಳ್ಳೆ ಹೊರಹೋಗುತ್ತದೆ. ಕಾಗದ ಅರೆ ಒಣಗಿದಾಗ ಮಸಿಯುಂಡೆಯಿಂದ ಹಗುರವಾಗಿ ಒತ್ತಿದರೆ ಉಬ್ಬಿದ ಭಾಗ ಮಾತ್ರ ಕಪ್ಪಾಗಿ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಕಾಗದ ಹಸಿ ಇರುವಾಗಲೇ ಮಸಿ ಹಾಕಿದರೆ ಅದು ತೂರಿ ಕಲ್ಲಿಗೇ ಹತ್ತುತ್ತದೆ. ತೀರಾ ಒಣಗಿದ ಮೇಲಾದರೆ ಕಾಗದ ಎದ್ದು ಅಕ್ಷರ ಕಲಸಿಹೋಗುತ್ತದೆ. ಆದ್ದರಿಂದ ಕೈ ಪಳಗಿದವರೇ ಮಾಡಬೇಕು. ತ್ರಿಡಿ ಸ್ಕ್ಯಾನ್ ಕೂಡ ಮಾಡಿಸಿದರೆ ಇನ್ನೂ ಒಳ್ಳೆಯದು. ಅದು ಕಲ್ಲನ್ನು ಮುಟ್ಟುವುದೇ ಇಲ್ಲ. ಪಡಿಯಚ್ಚಿನ ಅಳತೆಗಿಳಿಸಿದ ಚಿತ್ರ, ಮೂಲ ಪಾಠ, ಇಂದಿನ ಕನ್ನಡದಲ್ಲಿ ಅರ್ಥ, ಇವಿಷ್ಟು ಕಲ್ಲಿನ ಪಕ್ಕದ ಫಲಕದಲ್ಲಿದ್ದರೆ ವಾಕಿಂಗ್ ಬರುವವರು ಒಂದೊಂದೇ ಅಕ್ಷರವನ್ನು ಕಲ್ಲಿನಲ್ಲಿ ಹುಡುಕಿಕೊಳ್ಳಬಹುದು.

‘ಇಂಗ್ಲಿಷರವನ ಹೆಸರು ಯಾಕೆ’ ಎಂಬ ಆಕ್ಷೇಪಣೆ ಬಂದೇ ಬರುತ್ತದೆ. ಕನ್ನಡ ನಿಘಂಟಿಗಾಗಿ ಕಿಟೆಲರ ಪ್ರತಿಮೆಯನ್ನು ಮೇಯೊ ಹಾಲ್ ಬಳಿ ನಿಲ್ಲಿಸಿಕೊಂಡ ಊರು ಇದು. ಹಾಗೆಂದು ರೈಸರನ್ನು ದೇವರು ಮಾಡುವ ಅಗತ್ಯವೂ ಇಲ್ಲ. ಅವರ ಓದಿನಲ್ಲಿ ತಪ್ಪುಗಳಿವೆ. ಗಂಗರ ಕೆಲವು ತಾಮ್ರಪಟಗಳು ಕೃತಕವೆಂದು ಶಾಸನತಜ್ಞ ಫ್ಲೀಟ್ ವಾದಿಸಿದಾಗ ರೈಸ್ ಅಸಲಿಯೆಂದೇ ಪಟ್ಟು ಹಿಡಿದರು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಸಂಪುಟಗಳನ್ನು ಪರಿಷ್ಕರಿಸಿ ತರಬೇಕಾಗಿ ಬಂತು. ಊರೂರಿಗೆ ಹೋಗಿ ಪ್ರತಿ ಮಾಡಿದ, ಪಾಠ ಬಿಡಿಸಿದ ಸಂಸ್ಥಾನದ ಪಂಡಿತರ ದುಡಿಮೆ ಇಲ್ಲದೆ ಒಂಬತ್ತು ಸಾವಿರ ಶಾಸನ ಅಚ್ಚಾಗುತ್ತಲೂ ಇರಲಿಲ್ಲ. ಫಲಕದಲ್ಲಿ ಅವರಿಗೂ ಒಂದು ಸಾಲು ಸಲ್ಲಬೇಕು. ರೈಸರ ನಂತರ ಇಲಾಖೆ ವಹಿಸಿಕೊಂಡ ಆರ್. ನರಸಿಂಹಾಚಾರ್ಯರ ಹೆಸರನ್ನು ಬೇಗೂರಿನ ಕಡೆಯ ಪಾರ್ಕೊಂದಕ್ಕೆ ಇಡಿ ಎಂದು ಯಾರಾದರೂ ಕೇಳಿದರೆ ನಾವೂ ಸಹಿ ಹಾಕುತ್ತೇವೆ. ‘ಬೆಂಗಳೂರು ಕಾಳಗ’ ಎಂಬ ಮಾತಿರುವ ಬೇಗೂರಿನ ಕಲ್ಲನ್ನು ಲೋಕಕ್ಕೆ ತೋರಿಸಿದವರು ಅವರು.

ಆದೇಶ ಬಂದ ಮೇಲೆ ಹೆಸರು ಸೇರಬೇಕಾದ ಜಾಗಗಳು ಹಲವು: ಪಾಲಿಕೆಯ ಆಸ್ತಿ ವಹಿ, ತೋಟಗಾರಿಕೆ ವಿಭಾಗದ ಪಾರ್ಕುಗಳ ಪಟ್ಟಿ, ವಾರ್ಡ್ ನಕ್ಷೆ, ನಿರ್ವಹಣೆ ಗುತ್ತಿಗೆದಾರರ ಕಾರ್ಯಾದೇಶ, ಪಾರ್ಕಿನ ದೀಪಗಳ ಬೆಸ್ಕಾಂ ಆರ್.ಆರ್. ನಂಬರಿನ ಖಾತೆ, ಜಲಮಂಡಳಿಯ ಸಂಪರ್ಕ, ಹತ್ತಿರದ ಬಸ್ ನಿಲ್ದಾಣ, ಮೊಬೈಲ್ ನಕ್ಷೆಗಳು. ಗುತ್ತಿಗೆದಾರರ ಕಾಗದದಲ್ಲಿ ‘ಪಾರ್ಕ್ 3’ ಎಂದೇ ಉಳಿದರೆ, ಕಲ್ಲಿನ ಬುಡದ ಕಳೆ ಕೀಳುವುದು ಯಾರ ಕೆಲಸ ಎಂಬ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಕಾರ್ಯಾದೇಶದಲ್ಲೇ ಕಲ್ಲಿಗೆಂದು ಪ್ರತ್ಯೇಕ ಸಾಲು ಬರೆಸಿ: ತಿಂಗಳಿಗೊಮ್ಮೆ ನೀರಿನಿಂದ ಶುಚಿ, ಮಳೆಗಾಲಕ್ಕೆ ಮುಂಚೆ ಸೂರಿನ ತಪಾಸಣೆ, ಕಲ್ಲಿನ ಸುತ್ತ ಹತ್ತು ಅಡಿಯೊಳಗೆ ಜೆಸಿಬಿ ನಿಷೇಧ.

ತಮ್ಮ ಬಡಾವಣೆಯ ಹೆಸರಿಲ್ಲದ ಪಾರ್ಕಿನಲ್ಲಿ ಅಥವಾ ಅದರ ಮಗ್ಗುಲಲ್ಲಿ ಅಕ್ಷರವಿರುವ ಕಲ್ಲು ಕಂಡಿರುವ ನಿವಾಸಿಗಳ ಸಂಘಗಳು ಈಗಲೇ ಅದರ ಫೋಟೋ, ಜಾಗದ ಗುರುತು, ಪಾರ್ಕಿನ ಸಂಖ್ಯೆಗಳನ್ನು ಪುರಾತತ್ವ ಇಲಾಖೆಗೆ ಬರೆದು ತಿಳಿಸಿ, ಪ್ರತಿಯನ್ನು ತಮ್ಮ ಪಾಲಿಕೆಯ ಟಪಾಲಿಗೆ ಹಾಕಲಿ. ಫೋಟೋವನ್ನು ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ಮೇಲೆ ತೆಗೆಯಿರಿ, ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಡಿ, ಅಕ್ಷರಕ್ಕೆ ಸೀಮೆಸುಣ್ಣ ಬಳಿಯಬೇಡಿ.

ಇತಿ,
ಕೆಲವು ಶಾಸನಾಸಕ್ತರು, ಬೆಂಗಳೂರು